ಮೈಕೆಲ್ ವಿಕ್ ಹಿತ್ತಲಿನ ನಾಯಿಗಳು

ಪಿಟ್‌ಬುಲ್ ಹಿಡಿದುಕೊಂಡು ಕ್ಲಿನಿಕ್ಕಿಗೆ ಬರುವವರು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಇದು ಮುಂದೆ ಕಚ್ಚುತ್ತಾ?" 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್ ಸೇರಿ 23 ನಾಯಿ ತಳಿಗಳಿಗೆ ಲೈಸೆನ್ಸ್ ಕೊಡಬೇಡಿ ಎಂದು ಸುತ್ತೋಲೆ ಹೊರಡಿಸಿತ್ತಲ್ಲ, ಆಗಂತೂ ಫೋನ್ ಮೇಲೆ ಫೋನ್. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪ್ರಶ್ನೆ ಮಾತ್ರ ನಿಂತಿಲ್ಲ. ಹಾಗೆ ಕೇಳಿದವರಿಗೆ ನಾನು ಒಬ್ಬ ಫುಟ್‌ಬಾಲ್ ಆಟಗಾರನ ಕಥೆ ಹೇಳುತ್ತೇನೆ. ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದವರ ಆಟ.

ಮೈಕೆಲ್ ವಿಕ್ ವರ್ಜೀನಿಯಾದವನು. 2001ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅಟ್ಲಾಂಟಾ ಫಾಲ್ಕನ್ಸ್ ತಂಡ ಎಲ್ಲರಿಗಿಂತ ಮೊದಲು ಅವನನ್ನೇ ಆರಿಸಿಕೊಂಡಿತು. ಅವನು ಕ್ವಾರ್ಟರ್‌ಬ್ಯಾಕ್. ಆ ಜಾಗದವನ ಕೆಲಸ ಮುಖ್ಯವಾಗಿ ಚೆಂಡು ಎಸೆಯುವುದು. ಈ ಎಡಗೈ ಹುಡುಗ ಸಂದು ಕಂಡರೆ ಓಡಿಯೇ ಬಿಡುತ್ತಿದ್ದ. 2006ರಲ್ಲಿ 1,039 ಗಜ ಓಡಿದ. ಒಂದೇ ಸೀಸನ್‌ನಲ್ಲಿ ಸಾವಿರ ದಾಟಿದ ಮೊದಲ ಕ್ವಾರ್ಟರ್‌ಬ್ಯಾಕ್ ಅವನೇ. 10 ವರ್ಷಕ್ಕೆ 13 ಕೋಟಿ ಡಾಲರ್ ಒಪ್ಪಂದ ಬೇರೆ.

2007ರ ಏಪ್ರಿಲ್‌ನಲ್ಲಿ ಪೊಲೀಸರು ಸರ್ರಿ ಕೌಂಟಿಯ ಅವನ ಮನೆಗೆ ಹೋದದ್ದು ನೆಂಟನೊಬ್ಬನ ಡ್ರಗ್ಸ್ ಕೇಸಿಗೆ. ಹಿತ್ತಲಲ್ಲಿ ಸಿಕ್ಕಿದ್ದು ಕಾದಾಡಿಸಲೆಂದು ಸಾಕಿದ್ದ ಐವತ್ತರಷ್ಟು ಪಿಟ್‌ಬುಲ್‌ಗಳು. ಕಾರಿನ ಆಕ್ಸಲ್ ನೆಲದಲ್ಲಿ ಹೂತು, ಅದಕ್ಕೆ ದಪ್ಪ ಸರಪಳಿ ಹಾಕಿ ಕಟ್ಟಿದ್ದರು. ಪಕ್ಕದ ನಾಯಿ ಕಣ್ಣಿಗೆ ಕಾಣಬೇಕು, ಬಾಯಿಗೆ ಸಿಗಬಾರದು, ಅಷ್ಟೇ ಉದ್ದದ ಸರಪಳಿ. ಸರಿಯಾಗಿ ಕಾದಾಡದ ನಾಯಿಗಳನ್ನು ನೇಣು ಹಾಕಿ, ನೀರಲ್ಲಿ ಮುಳುಗಿಸಿ ಕೊಂದಿದ್ದರು. ವಿಕ್ ತಪ್ಪೊಪ್ಪಿಕೊಂಡ. 23 ತಿಂಗಳ ಜೈಲು ಶಿಕ್ಷೆಯಾಯಿತು, ಮರುವರ್ಷ ದಿವಾಳಿಯೂ ಆದ.

ಜೈಲಿಗಿಂತ ನನಗೆ ಹಿಡಿಸಿದ್ದು ಇನ್ನೊಂದು. ನಾಯಿಗಳ ಆರೈಕೆಗೆಂದೇ ಅವನಿಂದ ಸುಮಾರು 9.28 ಲಕ್ಷ ಡಾಲರ್ ಕಟ್ಟಿಸಿದರು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಗಳನ್ನು ಕಾದಾಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ನನ್ನ ಫೀಸೇ ಅದಕ್ಕಿಂತ ಜಾಸ್ತಿ!

ಅಲ್ಲಿಯವರೆಗೆ ಇಂಥ ನಾಯಿಗಳಿಗೆ ಸೂಜಿ ಚುಚ್ಚಿ ಮುಗಿಸುವುದೇ ರೂಢಿ. ಪ್ರಾಣಿದಯೆಯ ದೊಡ್ಡ ಸಂಸ್ಥೆಗಳೂ ಹಾಗೇ ಮಾಡಿ ಅಂದವು. ಈ ಸಲ ಮಾತ್ರ ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ತಿನ್ನುತ್ತಿರುವಾಗ ಬಟ್ಟಲಿಗೆ ರಬ್ಬರ್ ಕೈ ಹಾಕಿದರು. ಮಗುವಿನಷ್ಟು ದೊಡ್ಡ ಗೊಂಬೆ ತಂದು ಎದುರಿಟ್ಟರು. ಎಷ್ಟೋ ನಾಯಿಗಳು ಮೇಲೆ ಬೀಳುವುದಿರಲಿ, ತಟ್ಟಿದ ರೊಟ್ಟಿಯ ಹಾಗೆ ನೆಲಕ್ಕೆ ಅಂಟಿಕೊಂಡವು. ಸ್ವಭಾವ ಸರಿಯಿಲ್ಲ ಎಂದು ಕೊನೆಗೆ ಕೊಲ್ಲಬೇಕಾಗಿ ಬಂದದ್ದು ಒಂದನ್ನು ಮಾತ್ರ. 22 ನಾಯಿಗಳು ಯೂಟಾದ ಆಶ್ರಯಧಾಮಕ್ಕೆ ಹೋದವು. ಜಾನಿ ಜಸ್ಟಿಸ್ ಎಂಬ ನಾಯಿ ಮಕ್ಕಳು ಕಥೆ ಓದುವಾಗ ಪಕ್ಕದಲ್ಲಿ ಮಲಗಿ ಕೇಳುತ್ತಿತ್ತು.

ಆ ನೆಲಕ್ಕಂಟುವ ಭಂಗಿ ನನ್ನ ಟೇಬಲ್ ಮೇಲೂ ಕಾಣುತ್ತದೆ. ಬಾಲ ಹೊಟ್ಟೆಯಡಿ, ಕಣ್ಣಿನ ಬಿಳಿ ಹೊರಗೆ, ಸುಮ್ಸುಮ್ನೆ ತುಟಿ ನೆಕ್ಕುವುದು. ಮನೆಯವರು "ತುಂಬಾ ಸೈಲೆಂಟ್ ಡಾಕ್ಟ್ರೇ" ಅನ್ನುತ್ತಾರೆ. ಸೈಲೆಂಟ್ ಅಲ್ಲ, ಹೆದರಿದೆ. ನಾನು ಕಂಡಂತೆ ಜಾಸ್ತಿ ಕಚ್ಚುವುದು ಇವೇ, ಅದೂ ಮೂಲೆಗೆ ಒತ್ತಿದಾಗ. ಇನ್ನೊಂದು ನಾಯಿ ಮೇಲೆ ಎರಗುವ ನಾಯಿ ಮನುಷ್ಯರಿಗೂ ಬಾಯಿ ಹಾಕಿಯೇ ಹಾಕುತ್ತದೆ ಅಂತೇನಿಲ್ಲ. ಎರಡೂ ಬೇರೆ ಬೇರೆ ಸಂಗತಿ.

ವಿಕ್ 2009ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಸೇರಿದ, ಮರುವರ್ಷ ಬಿದ್ದು ಮತ್ತೆ ಎದ್ದ ಆಟಗಾರನಿಗೆ ಕೊಡುವ ಲೀಗಿನ ಕಮ್‌ಬ್ಯಾಕ್ ಪ್ರಶಸ್ತಿ ಗೆದ್ದ. 2012ರಲ್ಲಿ ಮನೆಯಲ್ಲಿ ನಾಯಿ ಸಾಕಿದ್ದೇನೆ ಅಂದಾಗ ಜನ ಉರಿದುಬಿದ್ದರು. ನನಗೆ ಅಷ್ಟು ಸಿಟ್ಟಿಲ್ಲ. ಹೋಗಿ ಒಂದು ಸಲ ಆ ನಾಯಿಯನ್ನು ನೋಡಬೇಕು ಅನಿಸುತ್ತದೆ, ಅಷ್ಟೇ. ಅವನ ಹಿತ್ತಲಿನಿಂದ ಬಂದವುಗಳಲ್ಲಿ ಕೊನೆಯದಾದ ಫ್ರೋಡೊ 2021ರ ಡಿಸೆಂಬರ್‌ನಲ್ಲಿ ಸತ್ತಿತು.

ಕಚ್ಚುತ್ತಾ ಅಂತ ಕೇಳಿದವರಿಗೆ ಇಷ್ಟು ಹೇಳಿ, ಆಮೇಲೆ ನಾನು ಕೇಳುತ್ತೇನೆ: "ಹಗಲಲ್ಲಿ ಇದನ್ನು ಎಲ್ಲಿ ಕಟ್ತೀರಿ? ಸರಪಳಿ ಎಷ್ಟುದ್ದ?"