ಕ್ಷಮೆ ಯಾರ ಕೈಯಲ್ಲಿದೆ? ಚರ್ಚಿನ ಹಳೆಯ ಜಗಳದ ಹಿನ್ನೆಲೆ

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಎಲ್ಲರೆದುರು ಹೇಳಿದರು. 2006ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಶಾಲೆಯಲ್ಲಿ ಐವರು ಹುಡುಗಿಯರು ಗುಂಡಿಗೆ ಬಲಿಯಾದರು. ಕೆಲವೇ ಗಂಟೆಗಳಲ್ಲಿ ಆ ಹುಡುಗಿಯರ ಆಮಿಶ್ ಸಮುದಾಯದವರು (ಹಳೆಯ ಕಾಲದ ಸರಳ ಬದುಕು ನಡೆಸುವ ಕ್ರೈಸ್ತ ಪಂಗಡ) ಗುಂಡು ಹಾರಿಸಿದವನ ಮನೆಯವರನ್ನು ಕಂಡು ಸಮಾಧಾನ ಹೇಳಿದರು. ಜಗತ್ತು ಬೆರಗಾಯಿತು. ಆದರೆ 2002ರಲ್ಲಿ ಬಾಸ್ಟನ್‌ನ ಪಾದ್ರಿಗಳ ಲೈಂಗಿಕ ದೌರ್ಜನ್ಯದ ಪ್ರಕರಣಗಳು ಬಯಲಾದ ಮೇಲೆ, ದೇಶದಿಂದ ದೇಶಕ್ಕೆ ಬೇರೆಯೇ ಮಾತು ಕೇಳಿಬಂತು. ಕ್ಷಮಿಸು, ಮರೆತುಬಿಡು ಎಂದು ಹೇಳಿ ತಮ್ಮ ಬಾಯಿ ಮುಚ್ಚಿಸಲಾಯಿತು ಎಂದರು ಸಂತ್ರಸ್ತರು.

ಬೋಧನೆ ಒಂದೇ. ಅದು ಒಬ್ಬರಿಗೆ ಬಲ ಕೊಟ್ಟಿತು, ಇನ್ನೊಬ್ಬರಿಗೆ ಹೊರೆಯಾಯಿತು. ಕ್ಷಮಿಸುವ ಹಕ್ಕು ಯಾರದು ಎಂದು ಈಗ ಚರ್ಚುಗಳಲ್ಲಿ ನಡೆಯುತ್ತಿರುವ ವಾದ ಅರ್ಥವಾಗಬೇಕಾದರೆ ಶುರುವಿನಿಂದಲೇ ನೋಡಬೇಕು.

ಮೂಲ ಮಾತು ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಇದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪುಗಳನ್ನೂ ಕ್ಷಮಿಸು, ಅಷ್ಟೇ. ಪಡೆಯುವುದೂ ಕೊಡುವುದೂ ಒಂದೇ ಸಾಲಿನಲ್ಲಿವೆ. ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಬಂದು, ಏಳು ಸಾರಿ ಕ್ಷಮಿಸಿದರೆ ಸಾಕಾ ಎಂದು ಕೇಳುತ್ತಾನೆ. ಏಳೆಪ್ಪತ್ತು ಸಾರಿ ಎನ್ನುತ್ತಾನೆ ಯೇಸು. ಆಮೇಲೆ ಸಾಲಗಾರ ಸೇವಕನ ಕಥೆ ಬರುತ್ತದೆ. ಅವನು ರಾಜನಿಗೆ ಕೊಡಬೇಕಾದದ್ದು ಹತ್ತು ಸಾವಿರ ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಪಾದನೆ. ಅಲ್ಲಿಗೆ 6 ಕೋಟಿ ದಿನದ ಕೂಲಿ ಆಯಿತು! ರಾಜ ಪೂರ್ತಿ ಮನ್ನಾ ಮಾಡುತ್ತಾನೆ. ಅದೇ ಸೇವಕ ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಪ್ರಸಂಗಗಳಲ್ಲಿ ಈ 100 ದಿನಾರಿಯನ್ನು ಚಿಲ್ಲರೆ ಕಾಸು ಅನ್ನುವ ಹಾಗೆ ಹೇಳುವುದೇ ಜಾಸ್ತಿ. ಲೆಕ್ಕ ಹಾಕಿದರೆ ಅದು ಮೂರು ತಿಂಗಳಿಗೂ ಮೀರಿದ ಕೂಲಿ. ಕೂಲಿಯವನ ಪಾಲಿಗೆ ಸಣ್ಣ ಮೊತ್ತವೇನೂ ಅಲ್ಲ.

ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲೂ ಏಳು ಸಾರಿಯ ಮಾತಿದೆ. ಅಲ್ಲಿ ಮಾತ್ರ ಒಂದು ಷರತ್ತು ಉಂಟು. ತಪ್ಪು ಮಾಡಿದವನನ್ನು ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು. ಮತ್ತಾಯನಲ್ಲಿ ಪೇತ್ರ ಕೇಳಿದಾಗ ಈ "ಪಶ್ಚಾತ್ತಾಪಪಟ್ಟರೆ" ಇಲ್ಲ. ಇವತ್ತಿನ ವಾದಗಳಲ್ಲಿ ಅರ್ಧದಷ್ಟು ಈ ಒಂದು ಷರತ್ತಿನ ಸುತ್ತಲೇ ತಿರುಗುತ್ತವೆ.

ಮೊದಮೊದಲು ಸಭೆಯವರ, ಅಂದರೆ ಆಗಿನ ಕ್ರೈಸ್ತ ಸಮುದಾಯದವರ, ತಲೆಬಿಸಿ ಬೇರೆಯಿತ್ತು. ಕ್ರೈಸ್ತನಾಗುವಾಗ ಪಡೆಯುವ ದೀಕ್ಷಾಸ್ನಾನದಿಂದ ಹಿಂದಿನ ಪಾಪವೆಲ್ಲ ಹೋಯಿತು, ಸರಿ. ಆಮೇಲೆ ಮಾಡಿದ ಪಾಪ? ಒಂದೇ ಒಂದು ಅವಕಾಶ ಸಿಗುತ್ತದೆ ಎನ್ನುವ ಅಭಿಪ್ರಾಯ ಎರಡನೇ ಶತಮಾನದಲ್ಲೇ ಇತ್ತು. ಅದಕ್ಕೇ ಎಷ್ಟೋ ಜನ ದೀಕ್ಷಾಸ್ನಾನವನ್ನೇ ಮುಂದೂಡುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಕೂಡ 337ರಲ್ಲಿ ಸಾಯುವ ಹೊತ್ತಿಗೆ ಸ್ನಾನ ತೆಗೆದುಕೊಂಡವನೇ.

ಈ ಪ್ರಶ್ನೆ ನಿಜವಾಗಿ ಬೀದಿಗೆ ಬಂದದ್ದು 250ರಲ್ಲಿ. ರೋಮನ್ ಚಕ್ರವರ್ತಿ ಡೀಸಿಯಸ್, ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಬೇಕು, ಅರ್ಪಿಸಿದ್ದಕ್ಕೆ ಪತ್ರ ಪಡೆಯಬೇಕು ಎಂದು ಆಜ್ಞೆ ಹೊರಡಿಸಿದ. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಅವುಗಳಲ್ಲಿ ಒಂದು ಔರೇಲಿಯಸ್ ಡಯೋಜಿನಿಸ್ ಎಂಬ ಮುದುಕನದು. ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಕಲೆ ಎಂದು ಗುರುತು ಬರೆದಿದೆ. ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗಲೂ ನಿಮ್ಮೆದುರೇ ಬಲಿ ಕೊಟ್ಟು, ಪಾನ ಅರ್ಪಿಸಿ, ನೈವೇದ್ಯದ ರುಚಿ ನೋಡಿದ್ದೇನೆ, ದಯವಿಟ್ಟು ದೃಢೀಕರಿಸಿ ಎಂಬ ಒಕ್ಕಣೆ. ಅವನು ಕ್ರೈಸ್ತನೇ ಆಗಿರಬೇಕು ಅಂತಿಲ್ಲ. ಆದರೆ ಇಂಥದ್ದೇ ಕಾಗದ ಹಿಡಿದು ಜೀವ ಉಳಿಸಿಕೊಂಡ ಕ್ರೈಸ್ತರು ತುಂಬ ಮಂದಿ ಇದ್ದರು. ಕೆಲವರು ನಿಜವಾಗಿ ಬಲಿ ಕೊಟ್ಟರು. ಕೆಲವರು ಅಧಿಕಾರಿಗಳ ಕೈ ಬೆಚ್ಚಗೆ ಮಾಡಿ ಸುಮ್ನೆ ಕಾಗದ ಮಾತ್ರ ಪಡೆದರು.

ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಸಭೆಗೆ ವಾಪಸ್ ಬರಲು ನಿಂತರು. ಜೈಲಿನಲ್ಲಿ ಏಟು ತಿಂದು ಮಣಿಯದವರು, ಸತ್ತವರ ಮನೆಯವರು ಅದೇ ಸಭೆಯಲ್ಲಿ ಕೂತಿದ್ದರು. ಯಾರು ಕ್ಷಮಿಸಬೇಕು? ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಜೈಲಿನಲ್ಲಿದ್ದವರೇ ಬಿದ್ದವರಿಗೆ, ಅಂದರೆ ಹೀಗೆ ಮಣಿದವರಿಗೆ, ಸಮಾಧಾನ ಪತ್ರ ಬರೆದುಕೊಡಲು ಶುರುಮಾಡಿದ್ದರು. ಇಂಥವರನ್ನು ಮನೆಮಂದಿ ಸಮೇತ ಸೇರಿಸಿಕೊಳ್ಳಿ ಎಂದು ಬರೆದರೆ ಒಂದು ಕಾಗದದ ಹೆಸರಲ್ಲಿ ಇಪ್ಪತ್ತು ಮೂವತ್ತು ಜನ ಒಳಗೆ ಬರಬಹುದು ಎಂದು ಬಿಷಪ್ ಸಿಪ್ರಿಯನ್ ತಕರಾರು ಎತ್ತಿದ. ಅವನ ಮಾತಿಗೆ ಎಲ್ಲರೂ ತಲೆಬಾಗಲಿಲ್ಲ. ಹಿಂಸೆಯ ಹೊತ್ತಿನಲ್ಲಿ ಅವನು ಅಡಗಿಕೊಂಡು ಪತ್ರಗಳ ಮೂಲಕ ಸಭೆ ನಡೆಸಿದ್ದ, ಅದನ್ನು ಜನ ಮರೆತಿರಲಿಲ್ಲ. (258ರಲ್ಲಿ ಅವನೂ ನಂಬಿಕೆಗಾಗಿ ತಲೆ ಕೊಟ್ಟ.)

251ರಲ್ಲಿ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್‌ಗಳು ಒಂದು ಮಧ್ಯದ ದಾರಿ ಹುಡುಕಿದರು. ಕಾಗದ ಮಾತ್ರ ಪಡೆದವರನ್ನು ಒಬ್ಬೊಬ್ಬರದಾಗಿ ವಿಚಾರಿಸಿ, ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರಿಗೆ ಸಾಯುವ ಹೊತ್ತಿನಲ್ಲಿ ಮಾತ್ರ. ಮತ್ತೆ ಹಿಂಸೆ ಶುರುವಾಗುವ ಸೂಚನೆ ಕಂಡಾಗ, ಪ್ರಾಯಶ್ಚಿತ್ತದಲ್ಲಿದ್ದ ಅವರಿಗೂ ಬಾಗಿಲು ತೆರೆದರು. ರೋಮ್‌ನ ಪಾದ್ರಿ ನೊವೇಶಿಯನ್ ಇದಕ್ಕೆ ಒಪ್ಪಲಿಲ್ಲ. ದೇವರು ಕ್ಷಮಿಸಿದರೆ ಕ್ಷಮಿಸಲಿ, ಸಭೆಗೆ ಆ ಅಧಿಕಾರ ಇಲ್ಲ ಎಂದು ಬೇರೆಯಾದ. ಅವನ ಪಂಗಡ ನೂರಾರು ವರ್ಷ ಬಾಳಿತು. 325ರಲ್ಲಿ ನೈಸಿಯಾದಲ್ಲಿ ನಡೆದ ಬಿಷಪ್‌ಗಳ ಮಹಾಸಭೆಯ ಹೊತ್ತಿಗೆ ಆ ಪಂಗಡದ ಬಿಷಪ್ ಅಸೇಸಿಯಸ್‌ಗೆ ಕಾನ್‌ಸ್ಟಂಟೈನ್, ಹಾಗಾದರೆ ನೀನೊಬ್ಬನೇ ಏಣಿ ಹಾಕಿಕೊಂಡು ಸ್ವರ್ಗಕ್ಕೆ ಹತ್ತು ಎಂದನಂತೆ. ಹಳೆಯ ಇತಿಹಾಸಕಾರನೊಬ್ಬ ಬರೆದಿಟ್ಟ ಕಥೆ ಇದು.

ಒಂದು ವಿಷಯ ಗಮನಿಸಿ. ಈ ಜಗಳದಲ್ಲಿ ಬಿಷಪ್ ಮಾತಾಡಿದ, ಜೈಲಿನಲ್ಲಿದ್ದವರು ಮಾತಾಡಿದರು, ಬಿದ್ದವರೂ ಅಂಗಲಾಚಿದರು. ಕೊನೆಗೆ ಗೆದ್ದದ್ದು ಬಿಷಪ್‌ನ ಕುರ್ಚಿ. ನೋವುಂಡವರು ಕೊಡುವ ಕಾಗದಕ್ಕೆ ಅಲ್ಲಿಂದ ಮುಂದೆ ಬೆಲೆ ಕಡಿಮೆಯಾಗುತ್ತ ಹೋಯಿತು. ದಯೆ ಗೆದ್ದದ್ದು ಒಳ್ಳೆಯದೇ ಆಯಿತು. ಆದರೆ ಲೆಕ್ಕ ಈಗ ಪಾಪಿ ಮತ್ತು ಸಭೆಯ ನಡುವಿನದಾಗಿತ್ತು.

ಮುಂದಿನ ಸಾವಿರ ವರ್ಷ ಬೇಗ ಹೇಳಿ ಮುಗಿಸಬಹುದು. ಎಲ್ಲರೆದುರು ಮಾಡುತ್ತಿದ್ದ ಪ್ರಾಯಶ್ಚಿತ್ತ ಮೆಲ್ಲಗೆ ಪಾದ್ರಿಯೊಬ್ಬನಿಗೆ ಮಾತ್ರ ಹೇಳುವ ಗುಟ್ಟಿನ ಪಾಪನಿವೇದನೆಯಾಯಿತು. ಆರನೇ ಶತಮಾನದಿಂದ ಐರ್ಲೆಂಡಿನ ಸನ್ಯಾಸಿಗಳು ಯಾವ ಪಾಪಕ್ಕೆ ಎಷ್ಟು ದಿನದ ಉಪವಾಸ ಎಂದು ಪಟ್ಟಿಯನ್ನೇ ಬರೆದಿಟ್ಟರು. ಈಗ ಓದಿದರೆ ನಗು ಬರುತ್ತದೆ, ಆದರೆ ಆ ಪಟ್ಟಿಗಳಲ್ಲಿ ಒಂದು ಒಳ್ಳೆಯ ಅಂಶವೂ ಇತ್ತು. ಕೊಲೆ ಮಾಡಿದವನು ದೇಶಾಂತರ ಮುಗಿಸಿ ಬಂದು, ಸತ್ತವನ ತಂದೆತಾಯಿಗೆ ಪರಿಹಾರ ಕೊಡಬೇಕಿತ್ತು. ಲೆಕ್ಕದೊಳಗೆ ಅವರಿಗೂ ಒಂದು ಜಾಗ ಸಿಕ್ಕಿತ್ತು, ಅಲ್ವಾ? 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಕಡ್ಡಾಯ ಎಂದಿತು. ಕೇಳಿದ್ದನ್ನು ಬಾಯಿಬಿಡುವ ಪಾದ್ರಿಗೆ ಕಠಿಣ ಶಿಕ್ಷೆಯನ್ನೂ ಗೊತ್ತುಮಾಡಿತು. ಪಾಪವಿಮೋಚನಾ ಪತ್ರಗಳ ಮಾರಾಟ, 1517ರಲ್ಲಿ ಮಾರ್ಟಿನ್ ಲೂಥರ್‌ನ 95 ವಾದಗಳು ಶಾಲೆಯಲ್ಲಿ ಓದಿದ್ದೇ. ಕ್ಷಮೆ ಕೃಪೆಯಿಂದ ಬರುತ್ತದೆ, ಅದನ್ನು ಗಳಿಸಲಾಗದು, ಕೊಳ್ಳಲಂತೂ ಆಗದು ಎಂದ ಲೂಥರ್. 1551ರಲ್ಲಿ ಕ್ಯಾಥೋಲಿಕ್ಕರ ಟ್ರೆಂಟ್ ಮಹಾಸಭೆ ಪಾಪನಿವೇದನೆಯನ್ನು ಮತ್ತೆ ಎತ್ತಿಹಿಡಿಯಿತು. 1567ರಲ್ಲಿ ಪೋಪ್ ಐದನೇ ಪಿಯುಸ್ ಪಾಪವಿಮೋಚನೆಯ ದುಡ್ಡಿನ ವ್ಯವಹಾರಕ್ಕೆ ತಡೆ ಹಾಕಿದ.

ಕ್ಯಾಥೋಲಿಕ್, ಪ್ರೊಟೆಸ್ಟಂಟ್ ಎಂಬ ಇಷ್ಟು ದೊಡ್ಡ ಒಡಕಿನಲ್ಲೂ ಎರಡೂ ಕಡೆಯವರ ಪ್ರಶ್ನೆ ಒಂದೇ ಆಗಿತ್ತು: ನನಗೆ ಕ್ಷಮೆ ಹೇಗೆ ಸಿಗುತ್ತದೆ? ನಾನು ನೋಯಿಸಿದವನ ಗತಿ ಏನು ಎನ್ನುವುದಕ್ಕೆ ಒಂದೆರಡು ಸಾಲಿನ ಉಪದೇಶ ಸಾಕಾಗಿತ್ತು. 1726ರಲ್ಲಿ ಇಂಗ್ಲೆಂಡಿನ ಪಾದ್ರಿ ಜೋಸೆಫ್ ಬಟ್ಲರ್ ಪ್ರಕಟಿಸಿದ ಪ್ರಸಂಗಗಳಲ್ಲಿ ಸ್ವಲ್ಪ ಬೇರೆ ಗಾಳಿ ಬೀಸಿತು. ಅನ್ಯಾಯ ಕಂಡಾಗ ಸಿಟ್ಟು ಬರುವುದು ತಪ್ಪಲ್ಲ, ಆ ಸಿಟ್ಟು ದೇವರೇ ಕೊಟ್ಟದ್ದು, ಅದು ಸೇಡಾಗಿ ಬೆಳೆಯದಂತೆ ನೋಡಿಕೊಳ್ಳುವುದೇ ಕ್ಷಮೆ ಎಂದ ಬಟ್ಲರ್. ಮುಂದೆ ತತ್ವಶಾಸ್ತ್ರದವರು ಇದನ್ನು ಚೆನ್ನಾಗಿ ಬಳಸಿಕೊಂಡರು, ಪ್ರಸಂಗಪೀಠಗಳು ಅಷ್ಟಾಗಿ ಬಳಸಲಿಲ್ಲ. 1937ರಲ್ಲಿ ಜರ್ಮನಿಯ ಪಾದ್ರಿ ಡೀಟ್ರಿಕ್ ಬೊನ್‌ಹಾಫರ್, ಪಶ್ಚಾತ್ತಾಪ ಕೇಳದೆ ಕ್ಷಮೆ ಸಾರುವುದನ್ನು ಅಗ್ಗದ ಕೃಪೆ ಎಂದು ಕರೆದದ್ದು ಈ ಸಾಲಿನ ಇನ್ನೊಂದು ಮಾತು.

ಕ್ಷಮೆ ಕೊಡುವವರ ಪ್ರಶ್ನೆ ಮತ್ತೆ ನಡುಮನೆಗೆ ಬಂದದ್ದು ದಕ್ಷಿಣ ಆಫ್ರಿಕಾದಲ್ಲಿ. ವರ್ಣಭೇದ ಆಡಳಿತ ಮುಗಿದ ಮೇಲೆ, 1995ರ ಕಾನೂನಿನ ಪ್ರಕಾರ ಸತ್ಯ ಮತ್ತು ಸಂಧಾನ ಆಯೋಗ ರಚನೆಯಾಯಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟೂಟು ಅಧ್ಯಕ್ಷರು. ವಿಚಾರಣೆ ಶುರುವಾಗುತ್ತಿದ್ದದ್ದೇ ಪ್ರಾರ್ಥನೆಯಿಂದ. ಕ್ಷಮಾದಾನ, ಅಂದರೆ ಶಿಕ್ಷೆಯಿಂದ ವಿನಾಯಿತಿ, ಬೇಕಾದ ಅಪರಾಧಿಯಿಂದ ಕಾನೂನು ಕೇಳಿದ್ದು ಮಾತ್ರ ಎರಡೇ: ಅಪರಾಧದ ಹಿಂದೆ ರಾಜಕೀಯ ಉದ್ದೇಶ ಇರಬೇಕು, ಪೂರ್ತಿ ಸತ್ಯ ಹೇಳಬೇಕು. ತಪ್ಪಾಯಿತು ಎನ್ನಬೇಕೆಂಬ ಷರತ್ತು ಇರಲಿಲ್ಲ. 7,000ಕ್ಕೂ ಹೆಚ್ಚು ಅರ್ಜಿಗಳಲ್ಲಿ ಕ್ಷಮಾದಾನ ಸಿಕ್ಕಿದ್ದು 849ಕ್ಕೆ. ಪೊಲೀಸರ ವಶದಲ್ಲಿ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೋ ಅವರ ಮನೆಯವರು ಇದರ ವಿರುದ್ಧ 1996ರಲ್ಲಿ ಸಂವಿಧಾನ ನ್ಯಾಯಾಲಯಕ್ಕೆ ಹೋದರು, ಸೋತರು. ತಾಯಂದಿರು ಕಣ್ಣೀರಿಡುತ್ತ ಕ್ಷಮಿಸಿದ್ದನ್ನು ಕ್ಯಾಮೆರಾಗಳು ಹಿಡಿದವು. ನನಗೆ ಬೇಕಾದದ್ದು ನ್ಯಾಯ ಎಂದವರು ಸಂಧಾನಕ್ಕೆ ಅಡ್ಡಿ ಎಂಬಂತೆ ಕಂಡರು. ಬಿಕೋ ಸಾವಿನಲ್ಲಿದ್ದ ಪೊಲೀಸರಿಗೆ 1999ರಲ್ಲಿ ಕ್ಷಮಾದಾನ ಸಿಗಲಿಲ್ಲ ಎಂಬುದೂ ದಾಖಲೆಯಲ್ಲಿದೆ.

ಇದೇ ಹೊತ್ತಿಗೆ ಮನಶ್ಶಾಸ್ತ್ರವೂ ಸೇರಿಕೊಂಡಿತು. 1980ರ ದಶಕದಿಂದ ಅಮೆರಿಕದ ಸಂಶೋಧಕರು ಕ್ಷಮೆಯನ್ನು ನೊಂದವರ ಆರೋಗ್ಯದ ವಿಷಯವಾಗಿ ನೋಡತೊಡಗಿದರು. ಕ್ಷಮಿಸುವುದೂ ರಾಜಿಯಾಗುವುದೂ ಬೇರೆ ಬೇರೆ, ಕ್ಷಮಿಸಿದರೂ ದೂರು ಕೊಡಬಹುದು ಎಂಬ ಮಾತು ಚರ್ಚುಗಳಿಗೂ ಬಂತು. ಉಪಯೋಗ ಆಯಿತು, ನಿಜ. ಆದರೆ ಇನ್ನೂ ಕ್ಷಮಿಸಿಲ್ಲವಾ, ಹಾಗಾದರೆ ನಿನ್ನಲ್ಲೇ ಏನೋ ಸರಿಯಿಲ್ಲ ಎನ್ನುವ ಹೊಸ ಒತ್ತಡವೂ ಅದರ ಜೊತೆಗೇ ಬಂತು.

ಈಗಿನ ಜಗಳ ಪಾಪನಿವೇದನೆಯ ಗುಟ್ಟಿನದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2019ರಲ್ಲಿ, ಕ್ವೀನ್ಸ್‌ಲ್ಯಾಂಡ್ 2020ರಲ್ಲಿ ಕಾನೂನು ತಂದವು. ಮಕ್ಕಳ ಮೇಲಿನ ದೌರ್ಜನ್ಯದ ಸಂಗತಿ ಪಾಪನಿವೇದನೆಯಲ್ಲಿ ಕಿವಿಗೆ ಬಿದ್ದರೂ ಪಾದ್ರಿ ಅದನ್ನು ತಿಳಿಸಲೇಬೇಕು. ಸಾಧ್ಯವೇ ಇಲ್ಲ ಎನ್ನುತ್ತದೆ ಕ್ಯಾಥೋಲಿಕ್ ಚರ್ಚ್. ಪೊಲೀಸರ ಹತ್ತಿರ ಹೋಗು ಎಂದು ಪಾದ್ರಿ ಬುದ್ಧಿ ಹೇಳಬಹುದು, ತಾನೇ ಹೋಗಿ ಹೇಳುವಂತಿಲ್ಲ. ಗುಟ್ಟು ಒಡೆದರೆ ಅವನಿಗೆ ಬಹಿಷ್ಕಾರ. ಸರ್ಕಾರ ಒಂದು ಕಡೆ, ಚರ್ಚ್ ಇನ್ನೊಂದು ಕಡೆ ನಿಂತು ವಾದಿಸುತ್ತಿರುವುದು ಪಾದ್ರಿಯ ಕರ್ತವ್ಯದ ಬಗ್ಗೆ, ತಪ್ಪು ಒಪ್ಪಿಕೊಂಡವನ ಹಕ್ಕಿನ ಬಗ್ಗೆ. ಆ ಮಗುವಿಗೆ, ನಿನಗೆ ಅನ್ಯಾಯ ಮಾಡಿದವನಿಗೆ ಇವತ್ತು ಕ್ಷಮೆ ಸಿಕ್ಕಿದೆ ಎಂದು ತಿಳಿಸುವ ನಿಯಮ ಎರಡೂ ಕಡೆಯವರ ಹತ್ತಿರ ಇಲ್ಲ.