ಲೀಶನ್ ಅಂದ್ರೆ ಗಡ್ಡೆ ಅಲ್ಲ ಮಾರಾಯ್ರೆ

ಹೋದ ವಾರ ಫ್ಯಾಮಿಲಿ ಗ್ರೂಪಲ್ಲಿ ಒಂದು ಎಂಆರ್‌ಐ ರಿಪೋರ್ಟಿನ ಫೋಟೋ ಬಂತು, ಕೆಳಗೆ "ಮಿದುಳಲ್ಲಿ ಒಂಬತ್ತು ಗಡ್ಡೆ ಅಂತೆ, ಎಲ್ರೂ ದೇವ್ರಿಗೆ ಕೈ ಮುಗೀರಿ" ಅಂತ ಬರೆದಿತ್ತು. ರಿಪೋರ್ಟಲ್ಲಿ ಇದ್ದ ಪದ ಲೀಶನ್. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗೋ ಎಂಎಸ್ ಕಾಯಿಲೆ ಇರೋರ ಮನೇಲಿ ಈ ಪದಕ್ಕೆ ಹೀಗೆ ಅರ್ಥ ಕಟ್ಟೋದನ್ನ ನಾನು ನೋಡ್ತಿರೋದು ಇದು ಮೂರನೇ ಸಲ, ಇನ್ನು ಸುಮ್ನಿರೋಕೆ ಆಗಲ್ಲ.

ಗಡ್ಡೆ ಅಂದ್ರೆ ಬೆಳೆಯೋದು. ಆಲೂಗಡ್ಡೆ ಆದ್ರೂ ಅಷ್ಟೆ, ಟ್ಯೂಮರ್ ಆದ್ರೂ ಅಷ್ಟೆ. ಎಂಎಸ್ ಲೀಶನ್ ಇದಕ್ಕೆ ಉಲ್ಟಾ, ನರತಂತುಗಳ ಮೇಲಿದ್ದ ಮೈಲಿನ್ ಅನ್ನೋ ಹೊದಿಕೆ ಕಿತ್ತುಹೋಗಿರೋ ಜಾಗ ಅದು. 2 ಸೆಂಟಿಮೀಟರ್ ದಾಟಿದ ಲೀಶನ್ ಕೆಲವೊಮ್ಮೆ ಟ್ಯೂಮರ್ ಥರಾನೇ ಕಂಡು ಡಾಕ್ಟರುಗಳನ್ನೂ ಯಾಮಾರಿಸತ್ತೆ ನಿಜ, ಆದ್ರೆ ಅದು ಅಪರೂಪ.

ಹಾಗಾದ್ರೆ ಗಾಯ ಅನ್ನಬಹುದಾ? ಮೂಲ ಹಿಡ್ಕೊಂಡು ಹೋದ್ರೆ ಅನ್ನಬಹುದು. ಲ್ಯಾಟಿನ್‌ನಲ್ಲಿ ಲೇಡೆರೆ ಅಂದ್ರೆ ಹೊಡಿ, ಘಾಸಿ ಮಾಡು ಅಂತ, ಅದರಿಂದ ಲೇಸಿಯೋ, ಅದರಿಂದ ಲೀಶನ್. ಗಾಡಿ ಗುದ್ದಿದಾಗ ಕೊಲಿಷನ್ ಅಂತೀವಲ್ಲ, ಅದೂ ಇದೇ ಬೇರಿಂದ ಬಂದಿದ್ದು. ನಮ್ಮ ಗಾಯನೂ ಸಂಸ್ಕೃತದ ಘಾತ ಪ್ರಾಕೃತದ ಬಾಯಲ್ಲಿ ಸವೆದು ಬಂದ ಪದ, ಅಲ್ಲೂ ಹೊಡೆತಾನೇ ಇರೋದು. ಹೊಂದಾಣಿಕೆ ಏನೋ ಚೆನ್ನಾಗೇ ಇದೆ, ಆದ್ರೆ ಗಾಯ ಅಂದ ತಕ್ಷಣ ನಮಗೆ ರಕ್ತ, ಕೀವು, ಬ್ಯಾಂಡೇಜು ಕಣ್ಮುಂದೆ ಬರತ್ತೆ, "ಎಲ್ಲಿ ಬಿದ್ದಿದ್ರಂತೆ" ಅಂತ ಕೇಳೋರೂ ಸಿಗ್ತಾರೆ. ಕಲೆ ಅಂದ್ರೆ ಹಳೇದಕ್ಕೆ ಮಾತ್ರ ಸರಿ. ನನ್ನ ಕೇಳಿದ್ರೆ ಮಚ್ಚೆ ಪರವಾಗಿಲ್ಲ, ಇಲ್ಲಾಂದ್ರೆ ಲೀಶನ್ ಅಂತಾನೇ ಬಿಟ್ಬಿಡಿ. ರೇಡಿಯಾಲಜಿಸ್ಟ್ ಆ ಪದ ಬರೆದಾಗ ಹೇಳ್ತಿರೋದು "ಈ ಜಾಗ ಸುತ್ತಮುತ್ತಲಿನ ಥರ ಇಲ್ಲ" ಅಂತ ಅಷ್ಟೇ. ಟ್ಯೂಮರೂ ಒಂದು ಲೀಶನ್ನೇ, ಹಾಗಂತ ಲೀಶನ್ನೆಲ್ಲಾ ಟ್ಯೂಮರ್ ಆಗಲ್ಲ. ಬಿಪಿ, ಮೈಗ್ರೇನ್, ವಯಸ್ಸು ಇವೂ ಸ್ಕ್ಯಾನಲ್ಲಿ ಬಿಳಿ ಚುಕ್ಕೆ ಬಿಡ್ತವೆ, ಅದಕ್ಕೇ ಎಂಎಸ್‌ನಲ್ಲಿ ಚುಕ್ಕೆ ಎಲ್ಲಿದೆ, ಯಾವ ಆಕಾರದಲ್ಲಿದೆ ಅಂತ ನೋಡೋದು. ಮಿದುಳೊಳಗಿನ ನೀರು ತುಂಬಿದ ಪೊಳ್ಳು ಜಾಗ, ಅಂದ್ರೆ ವೆಂಟ್ರಿಕಲ್, ಅದರ ಅಂಚಿಂದ ಸಣ್ಣ ರಕ್ತನಾಳದ ಗುಂಟ ಬೆರಳು ಚಾಚಿದಂಗೆ ಇದ್ರೆ ಡಾಸನ್ಸ್ ಫಿಂಗರ್ಸ್ ಅಂತಾರೆ, ಸ್ಕಾಟ್ಲೆಂಡಿನ ಪೆಥಾಲಜಿಸ್ಟ್ ಡಾಸನ್ ಇದನ್ನ 1916ರಲ್ಲೇ ಬರೆದಿಟ್ಟಿದ್ರು, ಸ್ಕ್ಯಾನ್ ಇಲ್ದೆ, ಮೈಕ್ರೋಸ್ಕೋಪಲ್ಲಿ.

ಇನ್ನೊಂದು ತಮಾಷೆ ಇದೆ. ಸ್ಕ್ಲೆರೋಸ್ ಅಂದ್ರೆ ಗ್ರೀಕಲ್ಲಿ ಗಟ್ಟಿ. 1868ರಲ್ಲಿ ಪ್ಯಾರಿಸ್ಸಿನ ನರರೋಗ ತಜ್ಞ ಶಾರ್ಕೋ ಈ ಕಾಯಿಲೆಗೆ ಹೆಸರಿಡುವಾಗ ಪೋಸ್ಟ್‌ಮಾರ್ಟಮ್‌ನಲ್ಲಿ ಕೈಗೆ ಸಿಕ್ಕ ಗಟ್ಟಿ ಮಚ್ಚೆಗಳನ್ನ ನೆಚ್ಕೊಂಡಿದ್ರು. ಎಂಆರ್‌ಐಗೆ ಆ ಗಟ್ಟಿತನ ಗೊತ್ತಾಗಲ್ಲ, ಅದು ನೋಡೋದು ನೀರನ್ನ. ಕೊಬ್ಬಿನಂಶದ ಮೈಲಿನ್ ಹೋದ ಕಡೆ ನೀರು ಜಾಸ್ತಿ ಆಗತ್ತೆ, ಟಿ-ಟೂ ಅನ್ನೋ ಥರದ ಎಂಆರ್‌ಐ ಚಿತ್ರದಲ್ಲಿ ಅದೇ ಬೆಳ್ಳಗೆ ಹೊಳೆಯೋದು. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೇಲಿ ಹತ್ತು ಜನ ಎಂಎಸ್ ರೋಗಿಗಳನ್ನ ಎರಡೂ ಮಶೀನಲ್ಲಿ ನೋಡಿದಾಗ ಸಿಟಿ ಸ್ಕ್ಯಾನಿಗೆ ಕಂಡಿದ್ದು 19 ಲೀಶನ್, ಆಗ ಹೊಸದಾಗಿದ್ದ ಎಂಆರ್‌ಐಗೆ ಅದರ ಮೇಲೆ ಇನ್ನೂ 112.

ಹೊಸದು ಯಾವ್ದು ಹಳೇದು ಯಾವ್ದು ಅಂತ ತಿಳಿಯೋಕೆ ಸ್ಕ್ಯಾನಲ್ಲಿ ಎದ್ದು ಕಾಣೋ ಗ್ಯಾಡೋಲಿನಿಯಂ ಔಷಧಿಯನ್ನ ರಕ್ತನಾಳಕ್ಕೆ ಕೊಡ್ತಾರೆ. ಉರಿಯೂತ ಇರೋ ಹೊಸ ಲೀಶನ್‌ನಲ್ಲಿ ರಕ್ತನಾಳ ಸೋರ್ತಿರತ್ತೆ, ಔಷಧಿ ಒಳಗೆ ಹೋಗಿ ಲೀಶನ್ ಸ್ಕ್ಯಾನಲ್ಲಿ ಹೊಳೆಯತ್ತೆ, ಕೆಲವು ವಾರ ಆದ್ಮೇಲೆ ಆ ಹೊಳಪು ಆರತ್ತೆ. ತೀರಾ ಹಾಳಾದವು ಟಿ-ಒನ್ ಅನ್ನೋ ಇನ್ನೊಂದು ಥರದ ಚಿತ್ರದಲ್ಲಿ ಕಪ್ಪು ಕುಳಿಯಾಗಿ ಉಳೀತವೆ. ಕುಳಿ, ಗಡ್ಡೆ ಅಲ್ಲ, ಗಮನಿಸಿ.

ಎಣಿಕೆ ಹುಚ್ಚು ಇನ್ನೊಂದು. "ಅವ್ರಿಗೆ ಇಪ್ಪತ್ತಿದೆ, ನಿಂಗೆ ಒಂಬತ್ತೇ" ಅಂತ ಸಮಾಧಾನ ಹೇಳೋರಿದಾರೆ, ಕ್ರಿಕೆಟ್ ಸ್ಕೋರ್ ಹೇಳ್ದಂಗೆ. ಇಪ್ಪತ್ತಿದ್ದೋರು ಆರಾಮಾಗಿ ಓಡಾಡ್ತಿರಬಹುದು, ಬೆನ್ನುಹುರೀಲಿ ಕೂತ ಒಂದೇ ಒಂದು ಲೀಶನ್ ಕಾಲನ್ನೇ ಹಿಡಿದುಬಿಡಬಹುದು. ಮಿದುಳಿನ ಹೊರಪದರದ ಲೀಶನ್ನುಗಳಂತೂ ಮಾಮೂಲಿ ಸ್ಕ್ಯಾನಲ್ಲಿ ಬಹುತೇಕ ಕಾಣೋದೇ ಇಲ್ಲ, ಒಟ್ಟಾರೆ ಮಿದುಳು ಸೊರಗೋದನ್ನ ಬೇರೇನೇ ಅಳೀಬೇಕು.

ಚಿತ್ರದ ನಿಜವಾದ ಉಪಯೋಗ ಇರೋದು ಅದೇ ಮನುಷ್ಯನ ಹಳೇ ಚಿತ್ರದ ಪಕ್ಕ ಇಟ್ಟಾಗ. ಪದೇ ಪದೇ ಸ್ಕ್ಯಾನ್ ಮಾಡಿ ನೋಡಿದಾಗ ಗೊತ್ತಾಗಿದ್ದು, ರೋಗಿಗೆ ಏನೂ ಅನ್ನಿಸದೇ ಇರುವಾಗ್ಲೂ ಒಳಗೆ ಹೊಸ ಲೀಶನ್ ಆಗ್ತಿರತ್ತೆ, ರಿಲ್ಯಾಪ್ಸ್‌ಗಿಂತ, ಅಂದ್ರೆ ಕಾಯಿಲೆ ಮತ್ತೆ ಕೆರಳಿ ತೊಂದರೆ ಕೊಡೋದಕ್ಕಿಂತ, ಎಷ್ಟೋ ಪಟ್ಟು ಹೆಚ್ಚು. ಅದಕ್ಕೇ ವರ್ಷಕ್ಕೊಂದು ಸ್ಕ್ಯಾನ್ ಅನ್ನೋದು, ಮಶೀನಿನ ದುಡ್ಡು ವಸೂಲಿಗಲ್ಲ.

ಗ್ರೂಪಲ್ಲಿ ಬಂದ ಆ ರಿಪೋರ್ಟಿನ ಕೊನೇ ಸಾಲು ಯಾರೂ ಓದಿರ್ಲಿಲ್ಲ, ಹೋದ ವರ್ಷಕ್ಕೆ ಹೋಲಿಸಿದ್ರೆ ಹೊಸ ಲೀಶನ್ ಇಲ್ಲ ಅಂತಿತ್ತು. ನಾನದನ್ನ ತೋರಿಸಿದ್ರೆ ಚಿಕ್ಕಪ್ಪ "ಆಗ್ಲೂ ಒಂಬತ್ತು ಈಗ್ಲೂ ಒಂಬತ್ತು, ಮತ್ತೆ ಎಂಎಸ್‌ಗೆ ಅಂತ ಕೊಡೋ ಅಷ್ಟು ದುಬಾರಿ ಇಂಜೆಕ್ಷನ್ ಏನ್ ಕೆಲ್ಸ ಮಾಡ್ತು" ಅಂದ್ರು. ಒಂಬತ್ತು ಹತ್ತಾಗದೇ ಇರೋದೇ ಅದರ ಕೆಲ್ಸ ಚಿಕ್ಕಪ್ಪ.