ಕೈಯಲ್ಲೇ ಬರೆದು ಹಂಚಿದ ಪತ್ರಿಕೆ

1857ರಲ್ಲಿ ಪಶ್ಚಿಮ ಆಫ್ರಿಕಾದ ಆಕ್ರಾ ಪಟ್ಟಣದಲ್ಲಿ ಚಾರ್ಲ್ಸ್ ಬ್ಯಾನರ್ಮನ್ ಎಂಬಾತ ‘ಆಕ್ರಾ ಹೆರಾಲ್ಡ್’ ಅಂತ ಒಂದು ಪತ್ರಿಕೆ ಶುರು ಮಾಡಿದ. ಅದು ಅಚ್ಚಾಗುತ್ತಿರಲಿಲ್ಲ. ಕೈಯಲ್ಲಿ ಬರೆಯುತ್ತಿದ್ದರು. ಚಂದಾದಾರರು ಸುಮಾರು 300 ಜನ.

ಸುಮ್ನೆ ಲೆಕ್ಕ ಹಾಕಿ ನೋಡಿ. ಓದುವಂಥ ಅಕ್ಷರದಲ್ಲಿ ಒಂದು ಪುಟ ಬರೆಯಲು ಅರ್ಧ ಗಂಟೆ ಅಂತ ಇಟ್ಟುಕೊಳ್ಳೋಣ. ಒಬ್ಬೊಬ್ಬ ಚಂದಾದಾರನಿಗೂ ಒಂದೊಂದು ಪ್ರತಿ ಅಂದರೆ ಬರೀ ಒಂದು ಪುಟಕ್ಕೇ 150 ಗಂಟೆ. ಒಬ್ಬನೇ ಕೂತು ದಿನಕ್ಕೆ 10 ಗಂಟೆ ಬರೆದರೂ 15 ದಿನ ಹಿಡಿಯುತ್ತದೆ. ಅದೂ ಎಲ್ಲೂ ಸಾಲು ತಪ್ಪದೆ, ಮಸಿ ಚೆಲ್ಲದೆ ಬರೆದರೆ. ಬೆರಳು ಎಷ್ಟು ನೊಂದಿರಬೇಕು!

ಆಕ್ರಾ ಇರುವ ಈಗಿನ ಘಾನಾ ಆಗ ಗೋಲ್ಡ್ ಕೋಸ್ಟ್. ಕರಾವಳಿಯ ಕೋಟೆಗಳಲ್ಲಿ ಬ್ರಿಟಿಷರ ಅಧಿಕಾರ. ಅಲ್ಲಿ ಪತ್ರಿಕೆ ಅನ್ನೋದು ಹೊಸದೇನೂ ಆಗಿರಲಿಲ್ಲ. 1822ರಲ್ಲೇ ಗವರ್ನರ್ ಚಾರ್ಲ್ಸ್ ಮೆಕಾರ್ಥಿ ಒಂದು ಗೆಜೆಟ್ ಹೊರಡಿಸಿದ್ದ. ಅದು ಆಳುವವರ ಪತ್ರಿಕೆ. ಬ್ಯಾನರ್ಮನ್ ಅಲ್ಲಿಯೇ ಹುಟ್ಟಿ ಬೆಳೆದವನು, ತಾಯಿ ಒಳನಾಡಿನ ಅಶಾಂತಿ (ಅಸಾಂಟೆ) ಎಂಬ ರಾಜ್ಯದ ರಾಜಮನೆತನದವಳು, ತಂದೆ ಜೇಮ್ಸ್ ದೊಡ್ಡ ವ್ಯಾಪಾರಿ, ಸ್ವಲ್ಪ ಕಾಲ ಲೆಫ್ಟಿನೆಂಟ್ ಗವರ್ನರ್ ಕೂಡ ಆಗಿದ್ದವನು. ಪತ್ರಿಕೆಯ ಭಾಷೆ ಇಂಗ್ಲಿಷ್, ಆದರೆ ಚಂದಾದಾರರಲ್ಲಿ ಮೂರರಲ್ಲಿ ಎರಡು ಪಾಲು ಆಫ್ರಿಕನ್ನರು! ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗೋದು ಇದೇ. ಅವನ ಕೈಗೆ ಅಚ್ಚಿನ ಯಂತ್ರ ಇನ್ನೂ ಬಂದಿರಲಿಲ್ಲ, ದುಡ್ಡು ಕೊಟ್ಟು ಓದುವವರು ಆಗಲೇ ಇದ್ದರು.

ಅಚ್ಚಿನ ಮೊಳೆ ಎರಕ ಹೊಯ್ಯದೆಯೂ ಪತ್ರಿಕೆ ತರುವ ದಾರಿಯೊಂದು ಆ ಕಾಲಕ್ಕೆ ಇತ್ತು. ನಮ್ಮ ‘ಮಂಗಳೂರು ಸಮಾಚಾರ’ 1843ರಲ್ಲಿ ಬಂದದ್ದು ಹಾಗೇ, ಕಲ್ಲಚ್ಚಿನಲ್ಲಿ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಮಸಿಯ ಉರುಳೆ ಹಾಯಿಸುತ್ತಾರೆ. ಎಣ್ಣೆಗೂ ನೀರಿಗೂ ಆಗಿಬರೋದಿಲ್ಲ ಅಲ್ವಾ, ಹಾಗಾಗಿ ಒದ್ದೆ ಜಾಗಕ್ಕೆ ಮಸಿ ಹತ್ತದೆ ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಆಮೇಲೆ ಕಾಗದ ಒತ್ತಿ ತೆಗೆಯೋದಷ್ಟೇ. ಒಮ್ಮೆ ಬರೆದರೆ ಸಾಕು, ನೂರಾರು ಪ್ರತಿ. ಮಂಗಳೂರಲ್ಲಿ ಇದನ್ನು ಮಾಡಿದ ಬಾಸೆಲ್ ಮಿಷನ್ನೇ 1828ರಿಂದ ಗೋಲ್ಡ್ ಕೋಸ್ಟಿನಲ್ಲೂ ಇತ್ತು. ಆದರೆ ಮಂಗಳೂರಿನ ಪತ್ರಿಕೆಯ ಸಂಪಾದಕ ಮೋಗ್ಲಿಂಗ್ ಜರ್ಮನಿಯಿಂದ ಬಂದ ಪಾದ್ರಿ. ಆಕ್ರಾದ್ದು ಊರಿನವನದೇ ಪತ್ರಿಕೆ.

ಮುಂದೆ ಕೇಪ್ ಕೋಸ್ಟ್ ಪಟ್ಟಣದಲ್ಲೂ ಪತ್ರಿಕೆಗಳು ಬಂದವು. 1874ರಲ್ಲಿ ಜೇಮ್ಸ್ ಹಟನ್ ಬ್ರೂ ‘ಗೋಲ್ಡ್ ಕೋಸ್ಟ್ ಟೈಮ್ಸ್’ ಶುರು ಮಾಡಿದ. 1897ರಲ್ಲಿ ಸರ್ಕಾರ ಖಾಲಿ ಜಮೀನನ್ನು ತನ್ನ ಹಿಡಿತಕ್ಕೆ ತರುವ ಒಂದು ಭೂಮಿ ಮಸೂದೆ ತಂದಾಗ ಪತ್ರಿಕೆಗಳಲ್ಲಿ ಅದರ ವಿರುದ್ಧ ಜೋರಾಗಿ ಬರೆದರು, ಯಾಕೆಂದರೆ ಖಾಲಿ ಬಿದ್ದಿದೆ ಅಂತ ಕಾಣುವ ಜಮೀನಿಗೂ ಅಲ್ಲಿ ಒಂದು ಮನೆತನ, ಒಬ್ಬ ಊರ ದೊರೆ ಇರುತ್ತಿದ್ದ. ಜನ ಒಂದು ಹಕ್ಕು ರಕ್ಷಣಾ ಸಂಘ ಕಟ್ಟಿದರು. 1898ರಲ್ಲಿ ಸಂಘದ ಪ್ರತಿನಿಧಿಗಳು ಲಂಡನ್ನಿಗೇ ಹೋಗಿ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲಿನ್‌ನನ್ನು ಕಂಡರು. ಮಸೂದೆ ಬಿದ್ದುಹೋಯಿತು. ಅದೇ ವರ್ಷ ಸಂಘ ತನ್ನದೇ ಪತ್ರಿಕೆ ಹೊರಡಿಸಿತು. ಅದು ಕೈಬರಹದ್ದಲ್ಲ, ಅಚ್ಚಾದ ಪತ್ರಿಕೆ.